ಮುಟ್ಟದ ಎಳೆ

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಇಳಿದರೆ
ಎಡಕ್ಕೆ ನಾಲ್ಕನೆಯದು ನನ್ನಂಗಡಿ.
ಕಿಟಕಿಗೆ, ಶೋಕೇಸಿಗೆ, ಸತ್ತವರ ಫೋಟೋಗೆ
ಮೂವತ್ತೆಂಟು ವರ್ಷ ಗಾಜು ಕೊಯ್ದಿದ್ದೇನೆ.
ಕೊಯ್ಯುವುದು ಅನ್ನುವುದು ಬಾಯಿಮಾತು.
ಚಕ್ರದ ಮೊನೆಗೆ ಒಂದು ತೊಟ್ಟು ಸೀಮೆಎಣ್ಣೆ,
ಒಂದೇ ಎಳೆತ, ಅಡಿಯಿಂದ ಗೆಣ್ಣಿನ ಪೆಟ್ಟು.
ಉಳಿದದ್ದನ್ನು ಗೀರೇ ನೋಡಿಕೊಳ್ಳುತ್ತದೆ.
ಗೀರಿ ನಾಳೆಗೆ ಇಡಬೇಡ ಆಲಿಕುಟ್ಟಿ,
ಗಾಯ ಹಳಸಿದರೆ ದಾರಿ ತಪ್ಪುತ್ತದೆ,
ಅನ್ನುತ್ತಿದ್ದರು ಕೈಹಿಡಿದು ಕಲಿಸಿದ ಪೋಕರ್ ಕಾಕ.

ಪೊನ್ನಂಪೇಟೆ ಕಾಲೇಜಿನ ಚೋಂದಮ್ಮ ಟೀಚರ್ ಬಂದು
ಒಂದು ಪೆಟ್ಟಿಗೆ ಬೇಕು ಅಂದರು,
ಮೊಳದೆತ್ತರ, ಆರೂ ಕಡೆ ಗಾಜು,
ಗಾಳಿ ನುಗ್ಗಬಾರದು, ಧೂಳು ಕೂರಬಾರದು.
ಒಳಗೆ ಏನಿಡುತ್ತೀರಿ?
ಗಾಜನ್ನೇ, ಅಂದರು.

ತಲುಪಿಸಲು ಹೋದವನನ್ನು ಸ್ಟೂಲಿನ ಮೇಲೆ ಕೂರಿಸಿ
ಬರ್ನರ್ ಹಚ್ಚಿ, ಒಂದು ಕಡ್ಡಿ ಗಾಜು ಹಿಡಿದರು.
ಕೆಂಪಾಗಿ, ಸೊರಗಿ, ಜೇನಿನ ಹಾಗೆ ಜೋಲುವಾಗ
ಉರಿಯಿಂದ ತೆಗೆದು ಎರಡೂ ಕೈ ಚಾಚಿದರು,
ದೂರದಿಂದ ಬಂದ ತಂಗಿಯನ್ನು ಕರೆಯುವಂತೆ.
ನಡುವೆ ಏನೂ ಇಲ್ಲ ಅಂದುಕೊಂಡೆ.
ಕಿಟಕಿಯ ಬಿಸಿಲಿಗೆ ಓರೆಯಾದಾಗ
ಒಂದು ಎಳೆ ಮಿಂಚಿತು, ಮತ್ತೆ ಇಲ್ಲ.

ಅಂಥವು ಎರಡು ಎಳೆ. ಒಂದನ್ನು
ಹೆಬ್ಬೆರಳಲ್ಲಿ ಮೆಲ್ಲನೆ ಸವರಿದರು, ಅಷ್ಟೇ.
ತಾತನ ಹಳೆಯ ತೋಟಾ ಬಿಚ್ಚಿ ತೆಗೆದ
ಹಂದಿ ಹೊಡೆಯುವ ಸೀಸದ ಗುಂಡುಗಳು;
ಡಬ್ಬಿಯ ಮುಚ್ಚಳಕ್ಕೆ ತಂತಿಯ ಕೊಕ್ಕೆ.
ಸವರಿದ ಎಳೆ ಎರಡಕ್ಕೆ ಹೋಯಿತು.
ಮುಟ್ಟದ ಎಳೆ ಹನ್ನೊಂದು ಹೊತ್ತು ನಿಂತಿತು.
ನಾನು ಉಸಿರು ಬಿಟ್ಟಿರಲಿಲ್ಲ.

ಇದು ಇನ್ನೂ ಹಗ್ಗ, ಅಂದರು ಟೀಚರ್.
ನೂರರಲ್ಲಿ ಒಂದು ಪಾಲಿಗೆ ಎಳೆದವರಿದ್ದಾರೆ.
ಬೆಳಕಿನ ಒಂದು ಅಲೆಗಿಂತ ಸಪೂರ.
ಒಳಗೆ ಜಾಗ ಸಾಲದೆ ಬೆಳಕು
ಮೈಯ ಹೊರಗೂ ಜೋತುಕೊಂಡು ಓಡುತ್ತದೆ,
ತೋಟದ ಜೀಪಿಗೆ ಜೋತ ಆಳುಗಳ ಹಾಗೆ.
ಗಾತ್ರಕ್ಕೆ ಗಾತ್ರ ಹಿಡಿದರೆ
ಉಕ್ಕು ಇದರ ಮುಂದೆ ನಾಚಬೇಕು.
ಯಾಕೆ?
ಬಿರುಕು ಇರಲಿಕ್ಕೂ ಒಂದಿಷ್ಟು ಸ್ಥಳ ಬೇಕಲ್ಲ ಕಾಕ,
ಅಲ್ಲಿ ಸ್ಥಳವೇ ಇಲ್ಲ.

ಗುಡ್ಡ ಜಾರಿದ ವರ್ಷ ನೆನಪಾಯಿತು.
ಮಡಿಕೇರಿ ಕಡೆಯಿಂದ ಇಂಜಿನಿಯರೊಬ್ಬರು ಬಂದು
ನಲವತ್ತು ಪಟ್ಟಿ ಕೊಯ್ಸಿಕೊಂಡರು, ಬೆರಳುದ್ದದವು.
ಶಾಲೆಯ ಗೋಡೆಯ ಬಿರುಕುಗಳಿಗೆ ಅಡ್ಡವಾಗಿ
ಸಿಮೆಂಟಿನಲ್ಲಿ ಅಂಟಿಸುವುದಂತೆ, ತಾರೀಕು ಬರೆದು.
ಗಾಜೇ ಯಾಕೆ ಸಾರ್, ತಗಡು ಇದೆಯಲ್ಲ?
ತಗಡು ಸಹಿಸಿಕೊಳ್ಳುತ್ತೆ, ಹೇಳೋದಿಲ್ಲ.
ಗೋಡೆ ಒಂದು ಕೂದಲಷ್ಟು ನಡೆದರೂ
ಗಾಜು ಟಿಕ್ಕೆಂದು ಹೇಳುತ್ತೆ.
ಒಂದು ಪಟ್ಟಿಗೆ ಆರು ರೂಪಾಯಿ ತೆಗೆದುಕೊಂಡೆ.
ಎಷ್ಟು ಹೇಳಿದವೋ, ಕೇಳಲು ಹೋಗಲಿಲ್ಲ.
ಎಳೆಯನ್ನು ನೋಡುತ್ತ ಅದನ್ನೇ ಎಣಿಸುತ್ತಿದ್ದೆ:
ಬೇಗ ಒಡೆಯುತ್ತದೆಂದೇ ನನ್ನಿಂದ ಕೊಂಡರು,
ಒಡೆಯುವುದಿಲ್ಲವೆಂದು ಇವರು ನನಗೆ ತೋರಿಸುತ್ತಿದ್ದಾರೆ,
ಎರಡೂ ಅದೇ ಮರಳು.

ಕೊನೆಗೆ ನನಗೆ ಗೊತ್ತಿದ್ದ ಒಂದನ್ನು ಕೇಳಿದೆ.
ಗೀರಿಗೆ ಎಂಜಲು ಹಚ್ಚಿದರೂ ಗಾಜು ಸಲೀಸಾಗಿ ಬಿಡುತ್ತದೆ,
ನೀರಿಗೂ ಗಾಜಿಗೂ ಏನೋ ಒಳಒಪ್ಪಂದ.
ನಮ್ಮ ಕಕ್ಕಡ ತಿಂಗಳ ಗಾಳಿಯಲ್ಲಿ
ಉಪ್ಪೇ ಡಬ್ಬಿಯೊಳಗೆ ಬೆವರುತ್ತದೆ,
ಇದು ಎಷ್ಟು ದಿನ ತಡೆಯುತ್ತೆ ಟೀಚರೇ?
ಅವರು ಮೊದಲ ಸಲ ನನ್ನನ್ನು
ಪೆಟ್ಟಿಗೆ ತಂದವನ ಹಾಗೆ ನೋಡಲಿಲ್ಲ.
ತೂಗುಹಾಕಿ ನೋಡೋಣ, ಅಂದರು.

ಮೂರನೆಯ ಬೆಳಿಗ್ಗೆ ಫೋನು.
ರಾತ್ರಿ ಯಾವಾಗಲೋ ಬಿದ್ದಿದೆ ಕಾಕ.
ಬಾಗಿಲಿಗೆ ಬೀಗ, ಯಾರೂ ಮುಟ್ಟಿಲ್ಲ,
ಹನ್ನೊಂದು ಗುಂಡೂ ಮೂಲೆ ಮೂಲೆಗೆ.
ಎಳೆಯ ಚೂರು ಹುಡುಕಿದೆ, ಸಿಗಲಿಲ್ಲ.

ಪೆಟ್ಟಿಗೆಯ ತಳ?
ಏನಾಗಿಲ್ಲ. ಕೊಕ್ಕೆ ತಾಗಿದ ಕಡೆ
ಒಂದು ಗೀರು, ಕಣ್ಣಿಗೂ ಕಾಣದಷ್ಟು.

ಅದಕ್ಕೇ ಟೀಚರೇ, ಅಂದೆ,
ಅದರ ಮೇಲೆ ಏನೂ ಇಡಬೇಡಿ.
ಸಂಜೆ ಬಸ್ಸಿಗೆ ಬಂದು ತಳ ಬದಲಾಯಿಸುತ್ತೇನೆ.